ಗೂಟದ ಮೇಲಿನ ಟವೆಲ್

"ಇದು ಗೂಟದಲ್ಲಿತ್ತೋ, ನೆಲದ ಮೇಲಿತ್ತೋ?" ಮೂರನೆಯ ಮಹಡಿಯಲ್ಲಿ, ಒಗೆಯುವ ಬಟ್ಟೆಗಳ ಬುಟ್ಟಿಯಿಂದ ಟವೆಲ್ ಎತ್ತಿ ಹಿಡಿದು ಹೋಟೆಲಿನ ಮ್ಯಾನೇಜರ್ ಕೇಳಿದ.

"ಗೂಟದಲ್ಲೇ ಇತ್ತು ಸಾರ್," ಎಂದಳು ಕೋಣೆ ಗುಡಿಸುವ ಹೆಂಗಸು.

"ಮತ್ತೆ ಒಗೆಯೋಕೆ ಯಾಕೆ ಹಾಕ್ದೆ?"

ಅವಳು ಗೋಡೆ ನೋಡಿದಳು. "ಒಗೆದದ್ದು ಹಾಕಿದ್ರೆ ನೀವು ಬಯ್ಯಲ್ಲ ಅಂತ."

ಗೂಟದಲ್ಲಿದ್ದರೆ ಅತಿಥಿ ಅದನ್ನೇ ಮತ್ತೆ ಬಳಸುತ್ತಾನೆ, ನೆಲದ ಮೇಲಿದ್ದರೆ ಒಗೆಯಬೇಕು. ನೀರು ಉಳಿಸುವ ಈ ನಿಯಮ ಅವನದೇ. ಎರಡು ಪುಟದ ಸುತ್ತೋಲೆ, ಕೊನೆಗೆ ಕೆಂಪು ಅಕ್ಷರದಲ್ಲಿ 'ತಪ್ಪಿದರೆ ಮೆಮೊ'. ಅದೇ ವಾರ ಗೂಟದ ಟವೆಲಿನಲ್ಲೊಂದು ಕಲೆ ಕಂಡು, ಇದೇ ಹೆಂಗಸನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡಿದ್ದ. ಪರಿಸರ ನಿರ್ವಹಣೆಯಲ್ಲಿ ಡಿಪ್ಲೊಮಾ ಮಾಡಿದವನು ಇಡೀ ಮಹಡಿಗೆ ದಿನವೂ ಟವೆಲ್ ಒಗೆಯುವುದನ್ನು ಕಲಿಸಿದ್ದ.

ಹನ್ನೊಂದಕ್ಕೆ, ಪರಿಸರಸ್ನೇಹಿ ಹೋಟೆಲುಗಳಿಗೆ ಪ್ರಮಾಣಪತ್ರ ಕೊಡುವ ಸಂಸ್ಥೆಯ ಪರಿಶೀಲಕಿ ಬರುವವಳಿದ್ದಳು. ಹಸಿರು ಪ್ರಮಾಣಪತ್ರ ತಪ್ಪಿದರೆ ನಿಮ್ಮ ಕೆಲಸವೂ ತಪ್ಪುತ್ತದೆ ಎಂದು ಮಾಲೀಕರು ನಗುನಗುತ್ತಲೇ ಹೇಳಿದ್ದರು.

ಬಂದವಳು ಲಿಫ್ಟಿನಲ್ಲಿ ನಾಲ್ಕನ್ನು ಒತ್ತಿದಳು. ಮೂರಲ್ಲ! ಅವನಿಗೆ ಹೋದ ಜೀವ ಬಂದಂತಾಯಿತು. ಆದರೆ ನಾಲ್ಕಕ್ಕೆ ತಾನು ಕಾಲಿಟ್ಟು ಎಷ್ಟು ತಿಂಗಳಾಯಿತೆಂದು ನೆನಪಾಗಲಿಲ್ಲ.

ಅಲ್ಲಿ, ಎಲ್ಲರೂ ದೊಡ್ಡಮ್ಮ ಎನ್ನುವ ಹಿರಿಯ ಕೆಲಸದಾಕೆ ಪರದೆ ಸರಿಸಿ, ದೀಪ ಆರಿಸಿ, ಬಿಸಿಲಿನ ಬೆಳಕಿನಲ್ಲೇ ನೆಲ ಒರೆಸುತ್ತಿದ್ದಳು. ಟವೆಲುಗಳು ಗೂಟದಲ್ಲೇ ಇದ್ದವು.

"ಇದೆಲ್ಲ ಯಾರು ಹೇಳಿಕೊಟ್ಟಿದ್ದು?" ಪರಿಶೀಲಕಿ ಹಾಸಿಗೆ ಸರಿಮಾಡುತ್ತಿದ್ದ ಇನ್ನೊಬ್ಬ ಕೆಲಸದವಳನ್ನು ಕೇಳಿದಳು.

"ಯಾರೂ ಹೇಳ್ಲಿಲ್ಲ. ದೊಡ್ಡಮ್ಮ ಹೀಗೇ ಮಾಡ್ತಾರೆ. ಅವರೆದುರಿಗೆ ಸುಮ್‌ಸುಮ್ನೆ ನಲ್ಲಿ ಬಿಡೋಕೆ ನಮಗೇ ನಾಚ್ಕೆ."

"ಮ್ಯಾನೇಜರ್ ಏನಂತಾರೆ?"

"ಯಾರು?"

ದೊಡ್ಡಮ್ಮ ಅವನ ಮುಖ ನೋಡಿ ಮಾತು ಸಾವರಿಸಿದಳು. "ಸಾರ್ ಈ ಕಡೆ ಬರಲ್ಲಮ್ಮ. ನಮಗೇನೂ ತೊಂದ್ರೆ ಕೊಡಲ್ಲ. ಒಳ್ಳೇವ್ರು."

ಪರಿಶೀಲಕಿ ಬರೆದುಕೊಂಡಳು: ಮೇಲಿನವರ ಒತ್ತಡವಿಲ್ಲದೆ ಸಿಬ್ಬಂದಿ ತಾವಾಗಿಯೇ ಮಾಡುತ್ತಾರೆ. ಹೊರಡುವಾಗ ಅವನ ಕೈ ಕುಲುಕಿದಳು. "ಎದ್ದು ಕಾಣದ ನಾಯಕತ್ವ ಸಾರ್ ನಿಮ್ಮದು. ಬಹಳ ಅಪರೂಪ."

ಬದುಕಿದೆಯಾ ಬಡಜೀವವೇ ಎಂದುಕೊಂಡು ಅವನು ಕಿಟಕಿಯಿಲ್ಲದ ತನ್ನ ಕೋಣೆಗೆ ಬಂದು ಕುರ್ಚಿಗೊರಗಿದ. ಕೆಲಸ ಉಳಿಯಿತು. ಮನೆಗೆ ಫೋನ್ ಮಾಡಿ ಹೆಂಡತಿಗೆ ಹೇಳಬೇಕು. ಏನೆಂದು ಹೇಳುವುದು? ಯೋಚಿಸುತ್ತ ಅಲುಗಾಡದೆ ಕೂತ.

ದೀಪ ಆರಿತು. ಅಲುಗಾಟ ಕಾಣದಿದ್ದರೆ ಯಾರೂ ಇಲ್ಲವೆಂದು ತಾನಾಗಿ ಆರುವ ಆ ದೀಪವನ್ನು ಹಾಕಿಸಿದವನೂ ಅವನೇ. ಕೈ ಎತ್ತಿದರೆ ಸಾಕು, ಹತ್ತುತ್ತಿತ್ತು. ಅವನಿಗೆ ಹಾಯೆನಿಸುತ್ತಿತ್ತು, ಎತ್ತಲಿಲ್ಲ.

ಬಾಗಿಲಾಚೆ ಮೂರನೆಯ ಮಹಡಿಯವಳ ದನಿ ಕೇಳಿಸಿತು. "ಸಾರ್ ಒಳಗಿದ್ದಾರಾ?"

"ದೀಪ ಇಲ್ವಲ್ಲ," ಎಂದಳು ದೊಡ್ಡಮ್ಮ. "ಯಾರೂ ಇಲ್ಲ, ಬಾ."