ನಾಲ್ಕನೇ ಕ್ಲಾಸಿನ ಡಬ್ಬಿ

ಹೆಡ್‌ಮಾಸ್ಟರು ಗೇಟು ಎಳೆಯುತ್ತಿದ್ದಂತೆ ಶವದ ವ್ಯಾನಿನ ಮೂತಿ ಎರಡು ಬಾಗಿಲುಗಳ ನಡುವೆ ಬಂದು ನಿಂತಿತು.

"ಹಿಂದೆ ತಗೊಳಯ್ಯ. ಹೆಣ ಇಟ್ಕೊಂಡು ಸ್ಕೂಲಿಗೆ ಬರ್ತಾರಾ? ಮಕ್ಕಳು ಹೆದರ್ತಾರೆ."

"ರಿವರ್ಸ್ ಬೀಳ್ತಾ ಇಲ್ಲ ಸಾರ್," ಎಂದ ಡ್ರೈವರ್, ಗೇರಿಗೆ ಕೈಯನ್ನೂ ಹಾಕದೆ.

ಸತ್ತ ಟೀಚರ ಮಗಳು ಇಳಿದಳು. ಅವಳು ಟೈಲರ್; ಅಳತೆಯ ಟೇಪು ಕುತ್ತಿಗೆಯಲ್ಲೇ ಇತ್ತು, ತೆಗೆ ಎಂದು ಬೆಳಿಗ್ಗೆಯಿಂದ ಯಾರೂ ಹೇಳಿರಲಿಲ್ಲ. ಕಂಕುಳಲ್ಲಿ ತುಕ್ಕು ಹಿಡಿದ ಬಿಸ್ಕತ್ತಿನ ಡಬ್ಬಿ.

"ಅಮ್ಮ ಒಳಗೆ ಬರಲ್ಲ ಸಾರ್, ವ್ಯಾನಲ್ಲೇ ಇರ್ತಾಳೆ. ಈ ಡಬ್ಬಿ ನಾಲ್ಕನೇ ಕ್ಲಾಸಿಗೆ ಹೋಗ್ಬೇಕು. ಆಮೇಲೇ ನನ್ನನ್ನ ಸುಡಿ ಅಂದಿದ್ದಾಳೆ."

"ಅದರಲ್ಲಿರೋ ರಟ್ಟಿನ ಚೂರುಗಳನ್ನ ಎರಡು ತಿಂಗಳ ಹಿಂದೆ ವಾಪಸ್ ಕಳಿಸಿದ್ದೇ ನಾನು. ರಿಟೈರ್ ಆದೋರು ಶನಿವಾರ ಶನಿವಾರ ಬಂದು ಪಾಠ ಮಾಡೋಕೆ ಇದೇನು ಅವರ ಮನೆ ಜಗಲೀನಾ? ಸಿಲೆಬಸ್ಸಲ್ಲೂ ಇಲ್ಲ ಅದು."

"ಗೊತ್ತು. ಅದಕ್ಕೇ ಬಂದಿರೋದು."

*

ಇಪ್ಪತ್ತೈದು ವರ್ಷಗಳ ಹಿಂದೆ, ಅದೇ ನಾಲ್ಕನೆಯ ತರಗತಿ. ಕರಿಹಲಗೆಯ ಒಂದು ತುದಿಯಲ್ಲಿ ಒಬ್ಬಳು 'ಮಳೆ ಬರುತ್ತಿತ್ತು' ಎಂಬ ಇಂಗ್ಲಿಷ್ ವಾಕ್ಯದ ರಟ್ಟು ಹಿಡಿದಿದ್ದಳು. ಇನ್ನೊಂದು ತುದಿಯಲ್ಲಿ ಇನ್ನೊಬ್ಬಳು, 'ನಾವು ಆಡಲು ಹೋದೆವು'. ಇಬ್ಬರೂ ನಡುವಿನ ಖಾಲಿ ಜಾಗಕ್ಕೆ ಕೈ ಚಾಚಿದ್ದರು. ಆ ಜಾಗಕ್ಕೆ ಟೀಚರು ಯಾವಾಗಲೂ ಕಳಿಸುತ್ತಿದ್ದದ್ದು ಓದಲು ಬಾರದ ಒಬ್ಬನನ್ನು. ಅವನ ಕುತ್ತಿಗೆಗೆ 'ಹೌಎವರ್', ಅಂದರೆ 'ಆದರೂ', ಎಂಬ ರಟ್ಟು ತೂಗುಹಾಕಿ, "ಇಬ್ಬರ ಕೈನೂ ಹಿಡ್ಕೊ. ಮಳೆ ಬಂದ್ರೂ ಆಡೋಕೆ ಹೋದ್ರು ಅಂತ ಹೇಳೋನು ನೀನೇ" ಎನ್ನುತ್ತಿದ್ದರು.

ತಪಾಸಣೆಗೆ ಬಂದ ಅಧಿಕಾರಿ ಅವನಿಗೆ ಓದಲು ಹೇಳಿದರು. ಅವನು ಇಬ್ಬರ ಕೈಯನ್ನೂ ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

"ಈ ದಡ್ಡನನ್ನ ಹಿಂದಿನ ಬೆಂಚಿಗೆ ಕಳಿಸಿ."

"ಅವನು ಹೋದ್ರೆ ಇವರಿಬ್ರೂ ಬೇರೆ ಬೇರೆ ಆಗ್ತಾರೆ. ನೀವು ಬಂದು ಹಿಡ್ಕೋತೀರಾ ಸಾರ್?"

ಮರುವಾರ ಟೀಚರ ಕೈಯಿಂದ ಇಂಗ್ಲಿಷ್ ಹೋಯಿತು, ಹೊಲಿಗೆ ಕ್ಲಾಸು ಬಂತು. ಅವರು ಊಟದ ಬಿಡುವಿನಲ್ಲಿ ಜಗಲಿಯ ಮೇಲೆ ಅದೇ ಡಬ್ಬಿ ಬಿಚ್ಚಿದರು. ವರ್ಷದ ಕೊನೆಗೆ ಅವನು ಓದಿದ ಮೊದಲ ಪದ ತನ್ನ ಕುತ್ತಿಗೆಯಲ್ಲಿದ್ದದ್ದು. ಅಡ್ಡಹೆಸರಾಗಿಯೂ ಅದೇ ಉಳಿಯಿತು.

*

"ಹೌಎವರ್," ಮಗಳು ಡ್ರೈವರನ ಕಡೆ ತಿರುಗಿದಳು, "ಚಿತಾಗಾರದವರು ಎಷ್ಟೊತ್ತಿಗೆ ಅಂದಿದ್ದು?"

"ಹನ್ನೊಂದಕ್ಕೆ. ತಡ ಆದ್ರೆ ಆಗ್ಲಿ ಬಿಡಕ್ಕಾ. ಬೆಲ್ ಹೊಡೀತು ಅಂತ ಟೀಚರ್ ಯಾವತ್ತು ಪಾಠ ನಿಲ್ಲಿಸಿದ್ರು?" ಅವನು ಎಂಜಿನ್ ಆರಿಸಿ ಕೀಲಿ ಜೇಬಿಗೆ ಹಾಕಿಕೊಂಡ.

"ಪೊಲೀಸರಿಗೆ ಫೋನ್ ಮಾಡ್ತೀನಿ," ಎಂದರು ಹೆಡ್‌ಮಾಸ್ಟರು.

"ಮಾಡಿ ಸಾರ್. ಅಲ್ಲೂ ಅರ್ಧ ಜನಕ್ಕೆ ಪಾಠ ಹೇಳಿದೋರು ಟೀಚರೇ."

ಅಷ್ಟರಲ್ಲಿ ಮಗಳು ವ್ಯಾನಿಗೂ ಗೇಟಿಗೂ ನಡುವಿನ ಸಂದಿಯಲ್ಲಿ ಅಡ್ಡಡ್ಡ ನುಸುಳಿ ಅಂಗಳ ದಾಟಿದ್ದಳು. ಹೆಡ್‌ಮಾಸ್ಟರು ಹಿಂದೆಯೇ ಓಡಿದರು.

ನಾಲ್ಕನೆಯ ತರಗತಿಯ ಮೇಜಿನ ಮೇಲೆ ಡಬ್ಬಿಯ ಮುಚ್ಚಳ ತೆಗೆದಿಟ್ಟು, ಅವಳು ಹೊರಬಂದಳು. ಶನಿವಾರಗಳ ಆ ಪಾಠ ಮರೆಯದ ಮಕ್ಕಳು ಆಗಲೇ ಬೆಂಚು ಬಿಟ್ಟು ಎದ್ದಿದ್ದರು.

ಅವಳು ಹತ್ತಿದ ಮೇಲೆ ಡ್ರೈವರ್ ಕೀಲಿ ತಿರುಗಿಸಿದ. ರಿವರ್ಸ್ ಮೊದಲ ಸಲಕ್ಕೇ ಬಿತ್ತು.

ಹಿಂದೆ ಸರಿಯುತ್ತಿದ್ದ ವ್ಯಾನಿನಿಂದ ತರಗತಿಯ ತೆರೆದ ಬಾಗಿಲು ಕಾಣುತ್ತಿತ್ತು. ಕರಿಹಲಗೆಯ ಎರಡು ತುದಿಗಳಲ್ಲಿ ಇಬ್ಬರು ಮಕ್ಕಳು ರಟ್ಟು ಹಿಡಿದು ನಿಂತಿದ್ದರು. ನಡುವೆ, ಖಾಲಿ ಡಬ್ಬಿ ಹಿಡಿದ ಹೆಡ್‌ಮಾಸ್ಟರು. ಮಕ್ಕಳು ಎರಡೂ ಕಡೆಯಿಂದ ಅವರತ್ತ ಕೈ ಚಾಚಿ ಕಾಯುತ್ತಿದ್ದರು.