ಖಾಲಿ ಗುಳಿಗೆ ಪಾಕೀಟು

ಘೋಡಗೇರಿಯ ಶೆಟ್ಟೆವ್ವನಿಗೆ ಸೊಸೆಯ ಮೇಲೆ ಅನುಮಾನ ಪಡಲು ಕಾರಣವೇ ಬೇಕಿರಲಿಲ್ಲ. ಈಗಂತೂ ಕೈತುಂಬ ಸಿಕ್ಕಿತ್ತು. ಮುಂಜಾನೆ ಗಟ್ಟಿಮುಟ್ಟಾಗಿದ್ದ ಗಂಡ ಬೀರಸಿದ್ದಪ್ಪ ಮಧ್ಯಾಹ್ನದೊಳಗೆ ಹತ್ತು ಸಲ ಉಚ್ಚೆಗೆ ಎದ್ದು, ಹನ್ನೊಂದನೆಯ ಸಲ ಹಿತ್ತಲಲ್ಲೇ ಕುಸಿದಿದ್ದ. ಮೀನಖಂಡ ಸೆಟೆದಿತ್ತು, ನಾಲಿಗೆ ಒಣಗಿತ್ತು. ಬಿಪಿಗೆಂದು ಡಾಕ್ಟರು ಬರೆದುಕೊಟ್ಟ, ಮೈಯ ನೀರು ಇಳಿಸುವ ಗುಳಿಗೆಯನ್ನು ದಿನಾ ಅವನ ಅಂಗೈಗೆ ಹಾಕುವವಳು ಯಾರು? ಸೊಸೆ ಅರ್ಚನಾ. ಕುರಿ ಮಾರಿಬಿಡೋಣ ಎಂದು ಹೋದ ವಾರ ಮಾವನೊಡನೆ ವಾದಕ್ಕಿಳಿದವಳು ಯಾರು? ಅವಳೇ.

ಅರ್ಚನಾ ಮಾವನನ್ನು ಅಂಗಾತ ಮಲಗಿಸಿ, ಕಾಲ ಕೆಳಗೆ ಕಂಬಳಿ ಮಡಚಿಟ್ಟು, ೧೦೮ಕ್ಕೆ ಫೋನ್ ಮಾಡಿದಳು. ಶೆಟ್ಟೆವ್ವ ಚೊಂಬಿನಲ್ಲಿ ಉಪ್ಪುನೀರು ಕಲಸಿ ತಂದಳು.

"ಕುಡಿಸಬ್ಯಾಡ್ರಿ ಅತ್ತಿ. ವಾಂತಿ ಮಾಡಸಬ್ಯಾಡ್ರಿ ಅಂತ ಫೋನಿನ್ಯಾಗ ಹೇಳ್ಯಾರ."

"ಒಳಗ ಹೋಗಿದ್ದು ಹೊರಗ ಬಂದ್ರ ನಿನಗೇನ ತ್ರಾಸ?"

ಅರ್ಚನಾ ಮಾವನ ಕಿಸೆಯಲ್ಲಿದ್ದ ಖಾಲಿ ಗುಳಿಗೆ ಪಾಕೀಟು ತೆಗೆದು ತನ್ನ ಪರ್ಸಿಗೆ ಹಾಕಿಕೊಂಡಳು. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿಕೊಂಡಳಲ್ಲ ಎಂದು ಶೆಟ್ಟೆವ್ವ ಹಲ್ಲು ಕಡಿದಳು.

ಅಂಬುಲೆನ್ಸಿನಲ್ಲಿ ಗಂಡನ ಕೈ ತಣ್ಣಗಾಗುತ್ತ ಬಂತು. ನಲವತ್ತು ವರ್ಷ ಹಿಡಿದ ಕೈ; ಶೆಟ್ಟೆವ್ವನಿಗೆ ವಿಪರೀತ ಭಯವಾಯಿತು. ಹುಕ್ಕೇರಿಯ ಆಸ್ಪತ್ರೆಯಲ್ಲಿ ಡಾಕ್ಟರನ್ನು ಕಂಡದ್ದೇ ತಡ, ನಾಲ್ಕು ಮಂದಿಯ ಎದುರೇ ಅಂದುಬಿಟ್ಟಳು: "ಸಾಹೇಬ್ರ, ಈ ಸೊಸಿನೇ ಏನೋ ತಿನ್ನಿಸ್ಯಾಳ್ರಿ. ಪಾಕೀಟ ಬಚ್ಚಿಟ್ಟಾಳ, ಕೇಳ್ರಿ."

ಅರ್ಚನಾಳ ಮುಖ ಬಿಳಿಚಿತು. ಪಾಕೀಟನ್ನು ಡಾಕ್ಟರ ಕೈಗಿತ್ತಳು. "ಯಾವ ಗುಳಗಿ, ಎಷ್ಟ ಪವರಿಂದು ಅಂತ ನಿಮಗ ಗೊತ್ತಾಗ್ಲಿ ಅಂತ ತಂದೇನ್ರಿ. ಅಡವಿಗೆ ಒಯ್ಯಾಕಂತ ನಿನ್ನೆ ಅವರ ಕೈಗೆ ಕೊಟ್ಟ ಪಾಕೀಟು, ಹತ್ತೂ ಖಾಲಿ ಅದಾವು."

ರಕ್ತ ಪರೀಕ್ಷೆ, ಇಸಿಜಿ, ಸಲಾಯಿನ್ ಎಲ್ಲ ನಡೆಯಿತು. ಸಂಜೆಗೆ ಬೀರಸಿದ್ದಪ್ಪ ಕಣ್ಣುಬಿಟ್ಟ. ಯಾರು ಕೊಟ್ಟರು ಎಂದು ಡಾಕ್ಟರು ಕೇಳಿದರು.

"ಯಾರೂ ಇಲ್ರಿ. ನಾಳಿಂದ ಹತ್ತ ದಿನ ಕುರಿ ಹಿಂದ ಅಡವ್ಯಾಗ ಇರಾಂವ, ದಿನಾ ನೆನಪಿಟ್ಟ ನುಂಗೂದು ಆಗತೈತೇನ್ರಿ? ಕುರಿಗೆ ಜಂತಿನ ಔಷಧ ಒಮ್ಮೆ ಕುಡಿಸಿ ಹೊಂಡತೇವಲ್ಲ, ಹಂಗ ನಾನೂ ಹತ್ತೂ ಒಮ್ಮೆ ನುಂಗಿದೆ."

ಶೆಟ್ಟೆವ್ವ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಗಂಡ ಉಳಿದ ಸಂತೋಷವನ್ನೂ ನಾಚಿಕೆ ನುಂಗಿಹಾಕಿತು.

ಮೂರನೆಯ ದಿನ ಮನೆಗೆ ಕಳಿಸುವಾಗ ನರ್ಸ್ ಮೂರು ಬಗೆಯ ಗುಳಿಗೆ ತಂದು, ಇವನ್ನು ದಿನಾ ಕೊಡುವವರು ಯಾರು ಎಂದಳು.

"ನಮ್ಮ ಅತ್ತಿ ಕೊಡ್ತಾರ್ರಿ," ಎಂದಳು ಅರ್ಚನಾ. "ನಾ ಇನ್ನ ಮುಟ್ಟಾಂಗಿಲ್ಲ."

ಮೂರೂ ಬಿಳಿ, ಮೂರೂ ಒಂದೇ ಗಾತ್ರ. ಓದಲು ಬಾರದ ಶೆಟ್ಟೆವ್ವ ಅವನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಯವ್ವಾ, ಇದರಾಗ ಮುಂಜಾನಿದು ಯಾವುದ?"

ಅರ್ಚನಾ ಮಾವನ ಚೀಲ ಹೊತ್ತು ಆಗಲೇ ಬಸ್ಸಿನ ಕಡೆ ನಡೆದಿದ್ದಳು.