ಅಕ್ಕನ ಶಾಟ್ ಮಾತ್ರ ಮಂಜು

ಹೊಸ ಕ್ಯಾಮೆರಾ ಎಂದರೆ ನನಗೆ ಮೊದಲಿನಿಂದಲೂ ಅನುಮಾನ. ಮಾರುವವರು ಹೊಗಳಿ ಅಟ್ಟಕ್ಕೇರಿಸುತ್ತಾರೆ, ಆಮೇಲೆ ಅದರ ಹುಳುಕನ್ನೆಲ್ಲ ಸಿನಿಮಾ ದೃಶ್ಯಗಳ ಬಣ್ಣ ತಿದ್ದುವ ನನ್ನ ತಲೆಗೆ ಕಟ್ಟುತ್ತಾರೆ. ಆದರೂ ಭಾವ ಟೆಸ್ಟ್ ಶೂಟ್ ಮಾಡಿದ ಕಾರ್ಡು ತಂದು ಕೈಗಿಟ್ಟಾಗ ಕುತೂಹಲ ತಡೆಯಲಿಲ್ಲ. ಕುಡಿಯುತ್ತಿದ್ದ ಕಾಫಿ ಬದಿಗಿಟ್ಟು ಪರದೆಯ ಮುಂದೆ ಕುಳಿತೆ. ಹಿಂದಿನ ಸೋಫಾದಲ್ಲಿ ಅಕ್ಕ ಕುಳಿತಿದ್ದಳು.

ಅಕ್ಕ ನಟಿ. ಎಂಟು ವರ್ಷದಿಂದ ಪಾತ್ರವಿಲ್ಲದ ನಟಿ. ಈಗ ಭಾವನೇ ಕ್ಯಾಮೆರಾ ಹಿಡಿಯಲಿರುವ ಚಿತ್ರದಲ್ಲಿ ಇಟ್ಟಿಗೆ ಭಟ್ಟಿ ನಡೆಸುವ ವಯಸ್ಸಾದ ಹೆಂಗಸಿನ ಪಾತ್ರವೊಂದಿತ್ತು, ಅಕ್ಕನಿಗೆ ಅದರ ಮೇಲೆ ಆಸೆ. "ನಿಮ್ಮದು ತುಂಬಾ ನುಣುಪು ಮುಖ" ಎಂದು ಅಕ್ಕನ ಹಳೆಯ ಸಿನಿಮಾಗಳನ್ನಷ್ಟೇ ನೋಡಿದ್ದ ನಿರ್ದೇಶಕಿ ರಾಗ ಎಳೆದಿದ್ದಳು. ಹೊಸ ಕ್ಯಾಮೆರಾದಲ್ಲಿ ಒಂದು ಶಾಟ್ ತೆಗೆದು ಸಂಜೆಯೊಳಗೆ ಕಳಿಸಿದರೆ ನೋಡಿ ಹೇಳುತ್ತಾಳಂತೆ.

ಮೊದಲ ಶಾಟ್ ಒಂದು ಓಣಿಯದು. ಅಂಗಡಿ ಸೂರಿನ ಕತ್ತಲಲ್ಲಿ ಮಲಗಿದ್ದ ನಾಯಿಯ ಮೀಸೆ ಕೂಡ ಕಾಣುತ್ತಿತ್ತು. ಮೇಲೆ ಸುಡುಬಿಸಿಲಿಗೆ ಹರವಿದ್ದ ಬಿಳಿ ಬಟ್ಟೆಯ ಸುಕ್ಕೂ ಉಳಿದಿತ್ತು. ಹಳೆಯ ಕ್ಯಾಮೆರಾದಲ್ಲಾದರೆ ಎರಡರಲ್ಲಿ ಒಂದರ ಆಸೆ ಬಿಡಬೇಕಿತ್ತು. ಎರಡನೆಯದರಲ್ಲಿ ಅವರ ಮನೆಯ ಅಡುಗೆಕಟ್ಟೆ, ಅದರ ಮೇಲೆ ಈರುಳ್ಳಿ ಸಿಪ್ಪೆ. ಒಂದು ಸಿಪ್ಪೆಯಲ್ಲಿ ಇಷ್ಟೊಂದು ಬಗೆಯ ಕೆಂಪಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಮೂರನೆಯದು ಅಕ್ಕನ ಶಾಟ್. ಅದೇ ಅಡುಗೆಮನೆ, ಅದೇ ಬೆಳಕು, ಆದರೆ ಎಲ್ಲ ಮಂಜು ಮಂಜು.

"ವಾಪಸ್ ಕೊಟ್ಬಿಡಿ ಭಾವ, ಇದು ಕೆಟ್ಟಿದೆ," ಎಂದೆ.

"ಅಲ್ವೇ, ಈರುಳ್ಳಿ ಸಿಪ್ಪೇನ ಕಣ್ಣರಳಿಸಿ ನೋಡಿದ್ದು, ನನ್ನ ಕಂಡ ಕೂಡ್ಲೇ ಯಾಕೆ ಮಂಕಾಯ್ತು?" ಎಂದಳು ಅಕ್ಕ.

ಒಳ್ಳೆಯ ಪ್ರಶ್ನೆ. ಚಿತ್ರವನ್ನು ಹಿಗ್ಗಿಸುತ್ತಾ ಹೋದೆ. ಅಕ್ಕನ ಹಿಂದಿದ್ದ ನಲ್ಲಿಯ ಹೊಳಪಿನಿಂದ ನಾಲ್ಕು ಕಡೆಗೂ ಸಣ್ಣ ಗೆರೆಗಳು ಚಾಚಿದ್ದವು. ನನಗೆ ನಗು ಬಂತು.

"ಭಾವ, ಲೆನ್ಸ್ ಬಿಚ್ಚಿ ನೋಡಿ. ಬಲೆ ಕಟ್ಟಿದ್ದೀರ."

ನಾಯಕಿಯರ ಮುಖ ಮೃದುವಾಗಿ ಕಾಣಲೆಂದು ಹೆಂಗಸರ ತೆಳುವಾದ ಕಾಲುಚೀಲದ ತುಂಡನ್ನು ಲೆನ್ಸಿನ ಹಿಂಬದಿಗೆ ಬಿಗಿಯುವುದು ಹಳೆಯ ಕ್ಯಾಮೆರಾದವರ ರೂಢಿ. ಹೊಳಪಿದ್ದಲ್ಲಿ ಆ ಬಲೆ ಹೀಗೆ ಗೆರೆ ಬಿಡುತ್ತದೆ. ಅಕ್ಕನ ಚಿತ್ರಗಳನ್ನೆಲ್ಲ ಭಾವ ಹಾಗೆಯೇ ತೆಗೆದಿದ್ದು. ಅವರು ಬ್ಯಾಗಿನಿಂದ ಕ್ಯಾಮೆರಾ ತೆಗೆದು ಲೆನ್ಸ್ ಬಿಚ್ಚಿ ನಾಲಿಗೆ ಕಚ್ಚಿಕೊಂಡರು.

"ನೀನು ಎದುರಿಗೆ ಬಂದು ಕೂತ್ಯಲ್ಲ, ಕೈ ತಾನಾಗೇ ಕಟ್ಬಿಟ್ಟಿದೆ ಕಣೆ."

ಬಲೆ ಕಿತ್ತು, ನನ್ನ ಕೋಣೆಯ ಕಿಟಕಿಯ ಹತ್ತಿರವೇ ಅಕ್ಕನನ್ನು ಕೂರಿಸಿ ಮತ್ತೆ ತೆಗೆದರು.

ಪರದೆ ತುಂಬ ಅಕ್ಕನ ಮುಖ. ಕಣ್ಣಿನ ಸುತ್ತ ಸುಕ್ಕು, ಕೆನ್ನೆಯ ಮೇಲೆ ಕಂದು ಕಲೆ, ಗದ್ದದಲ್ಲೊಂದು ಬಿಳಿ ಕೂದಲು. ದಿನಾ ನೋಡುವ ಮುಖವೇ, ಆದರೂ ಇಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಭಾವ ಮುಖ ತಿರುಗಿಸಿ, "ಒಂಚೂರು ನಯ ಮಾಡಮ್ಮ," ಎಂದರು. ಸುಕ್ಕು ಅಳಿಸಲು ನಾನೂ ಆಗಲೇ ಮೌಸಿಗೆ ಕೈ ಹಾಕಿದ್ದೆ.

ಅಕ್ಕ ಕನ್ನಡಕ ಏರಿಸಿಕೊಂಡು ಬಂದು ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. ಪಕ್ಕದ ಮನೆಯ ಕೂಸನ್ನು ನೋಡುವಂತೆ ನೋಡಿದಳು. "ಈ ಗೆರೆ ಯಾವಾಗ ಬಂತೋ!" ಎಂದು ತನ್ನಷ್ಟಕ್ಕೆ ಬೆರಗಾದಳು. ಆಮೇಲೆ ನನ್ನ ಕೈ ಹಿಡಿದು ಪಕ್ಕಕ್ಕೆ ಸರಿಸಿದಳು.

"ಹಾಗೇ ಕಳಿಸು."

"ಅಕ್ಕಾ..."

"ಆ ನುಣುಪು ಮುಖಕ್ಕೆ ಎಂಟು ವರ್ಷದಿಂದ ಯಾರೂ ಕೆಲಸ ಕೊಟ್ಟಿಲ್ಲ ಕಣೆ. ಇವಳನ್ನ ಇನ್ನೂ ಯಾರೂ ನೋಡೇ ಇಲ್ಲ. ನೋಡ್ಲಿ."

ಕಳಿಸಿದೆ. ಸಂಜೆ ನಿರ್ದೇಶಕಿಯ ಫೋನು ಬಂತು. ಸೋಮವಾರದಿಂದ ಶೂಟಿಂಗಿಗೆ ಬರಬೇಕಂತೆ, ಮೇಕಪ್ ಬೇಡವಂತೆ. ಅಷ್ಟು ಹೊತ್ತು ಗಟ್ಟಿಯಾಗಿದ್ದ ಅಕ್ಕ ಗಳಗಳ ಅತ್ತಳು.

ಭಾವ ಮಾತ್ರ ಪರದೆಯ ಮುಂದೆಯೇ ನಿಂತಿದ್ದರು.

"ಬಲೆ ಇಲ್ದೆ ನಿನ್ನ ತೆಗೆದು ನನ್ನ ಕೈಗೆ ಅಭ್ಯಾಸವೇ ಇಲ್ವಲ್ಲೇ," ಎಂದರು.

"ಕಲೀರಿ," ಎಂದಳು ಅಕ್ಕ, ಮೂಗೊರೆಸಿಕೊಳ್ಳುತ್ತಾ.